ತೋರಿಸಲೆಂದು ಕೊಂಡ ಪಂಪು

ನಾನು ಒಂದು ಪಂಪು. ಹೊಲಕ್ಕೆ ನೀರು ಹಾಯಿಸುವ ಪಂಪಲ್ಲ, ಮನೆಯ ತೊಟ್ಟಿ ತುಂಬಿಸುವ ಪಂಪೂ ಅಲ್ಲ. ಕೊಳೆನೀರು ಎತ್ತುವ ಪಂಪು. ನಮ್ಮ ಕುಲದವರನ್ನು ಯಾರೂ ಬಾಗಿಲ ಮುಂದೆ ಇಡುವುದಿಲ್ಲ. ಗೋಡೆಯ ಹಿಂದೆ, ಗುಂಡಿಯ ಪಕ್ಕದಲ್ಲಿ ನಮ್ಮ ವಾಸ. ಅದಕ್ಕಾಗಿ ನಾನು ಎಂದೂ ತಲೆ ತಗ್ಗಿಸಿಲ್ಲ. ತಲೆ ತಗ್ಗಿಸುವಂತೆ ಮಾಡಿದ ಸಂಗತಿ ಬೇರೆ.

ನಾನು ಹುಟ್ಟಿದ್ದು ಕೊಯಮತ್ತೂರಿನ ಒಂದು ಎರಕದ ಕಾರ್ಖಾನೆಯಲ್ಲಿ. ಮುರಿದ ಹೊಲಿಗೆ ಯಂತ್ರಗಳ ಚಕ್ರ, ಸವೆದ ಗಾಣದ ಹಲ್ಲು, ಹಳೆಯ ತೂಕದ ಬಟ್ಟು ಎಲ್ಲವನ್ನೂ ಒಂದೇ ಕುಲುಮೆಯಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದರು. ತಣ್ಣಗಾದ ಮೇಲೆ ಅಚ್ಚು ಒಡೆದು ನನ್ನನ್ನು ಹೊರತೆಗೆದರು. ಒಳಗೆ ಒಂದು ರೆಕ್ಕೆಚಕ್ರ ಕೂಡಿಸಿದರು. ಬೆನ್ನಿಗೆ ಮೋಟರು ಕಟ್ಟಿದರು. ಮೈಗೆ ಹಸಿರು ಬಣ್ಣ ಹೊಡೆದರು. ಆಮೇಲೆ ಪರೀಕ್ಷೆಯ ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದರು. ನೀರು ಮೊದಲ ಸಲ ನನ್ನೊಳಗೆ ನುಗ್ಗಿ, ಸುತ್ತಿ, ಮೇಲಕ್ಕೆ ಚಿಮ್ಮಿತು. ಅದಕ್ಕಿಂತ ದೊಡ್ಡ ಸುಖ ಪಂಪಿನ ಬಾಳಿನಲ್ಲಿ ಇಲ್ಲ. ಜೀವಮಾನವೆಲ್ಲ ಹೀಗೇ ಇರುತ್ತದೆ ಎಂದುಕೊಂಡೆ.

ಅಲ್ಲಿಂದ ಲಾರಿಯಲ್ಲಿ ಬಳ್ಳಾರಿಗೆ ಬಂದೆ. ಒಂದು ಅಂಗಡಿಯ ಮೂಲೆಯಲ್ಲಿ ಕೆಲವು ಕಾಲ ಕುಳಿತಿದ್ದೆ. ಒಂದು ದಿನ ಇಬ್ಬರು ಬಂದರು. ಒಬ್ಬ ಗಟ್ಟಿಮುಟ್ಟಾದ ಆಳು. ಬಿಳಿ ಅಂಗಿಯ ತೋಳು ಮಡಚಿದ್ದ. ಮೊಣಕೈಯವರೆಗೂ ಚರ್ಮಕ್ಕೆ ಮಾಸದ ನೀಲಿಯ ಛಾಯೆ. ಅವನೇ ಜಡೆಪ್ಪ. ಊರ ಹೊರಗೆ ಅವನದೊಂದು ವಾಷಿಂಗ್ ಯೂನಿಟ್. ಬಳ್ಳಾರಿಯ ಮನೆಮನೆಗಳಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳು ಗಡುಸಾಗಿ, ಕಡುನೀಲಿಯಾಗಿ ಅಲ್ಲಿಗೆ ಬರುತ್ತಿದ್ದವು. ಕಲ್ಲು, ಬ್ಲೀಚು, ಬಿಸಿನೀರು ಹಾಕಿ ದೊಡ್ಡ ಡ್ರಮ್ಮುಗಳಲ್ಲಿ ತಿರುವಿದರೆ ಮೆತ್ತಗಾಗಿ ಬಣ್ಣ ತೆಳುವಾಗುತ್ತಿದ್ದವು. ಪ್ಯಾಂಟು ಬಿಟ್ಟ ಬಣ್ಣವೆಲ್ಲ ನೀರಿಗೆ ಸೇರುತ್ತಿತ್ತು.

ಜೊತೆಗಿದ್ದವನು ಬೆಂಗಳೂರಿನ ಏಜೆಂಟ್ ದಿವಾಕರ. ಹೊರದೇಶದ ಒಂದು ಕಂಪನಿಗೆ ಪ್ಯಾಂಟು ಕಳಿಸುವವನು. ನೀರು ಶುದ್ಧ ಮಾಡುವ ಘಟಕ ಇಲ್ಲದವರಿಗೆ ಆರ್ಡರ್ ಕೊಡಬಾರದೆಂದು ಆ ಕಂಪನಿ ಹೊಸದಾಗಿ ನಿಯಮ ಮಾಡಿತ್ತು.

ಅಂಗಡಿಯವನು ಕೇಳಿದ: "ದಿನಾ ಎಷ್ಟು ತಾಸು ಓಡಬೇಕ್ರಿ ಇದು?"

ದಿವಾಕರ ನಕ್ಕ. "ಓಡೋದು ಆಮೇಲೆ ನೋಡೋಣ ಬಿಡಿ. ನೋಡೋಕೆ ಚೆನ್ನಾಗಿರ್ಲಿ."

ನಾನು ಆ ಮಾತನ್ನು ತಮಾಷೆ ಎಂದುಕೊಂಡೆ. ಜಡೆಪ್ಪನೂ ಹಾಗೇ ಅಂದುಕೊಂಡಿರಬೇಕು. ಅವನೂ ನಕ್ಕ.

ಯೂನಿಟ್‌ನ ಹಿತ್ತಲಲ್ಲಿ ನೀಲಿನೀರು ಕೂಡುವ ಗುಂಡಿ. ಅದರ ದಂಡೆಯ ಮೇಲೆ ಸಿಮೆಂಟಿನ ಕಟ್ಟೆ ಕಟ್ಟಿ ನನ್ನನ್ನು ಬಿಗಿದರು. ನಾನು ನೀರನ್ನು ಎತ್ತಿ ಮೊದಲ ತೊಟ್ಟಿಗೆ ಹಾಕಬೇಕು. ಅಲ್ಲಿ ಸುಣ್ಣ, ಪಟಿಕ ಬೆರೆತು ಬಣ್ಣ ಗಸಿಯಾಗಿ ತಳ ಸೇರುತ್ತದೆ. ಮೇಲಿನ ನೀರು ಮರಳು, ಇದ್ದಿಲುಗಳ ಮೂಲಕ ಹಾದು ಕೊನೆಯ ತೊಟ್ಟಿಗೆ ತಿಳಿಯಾಗಿ ಇಳಿಯುತ್ತದೆ. ಪೂಜೆ ಮಾಡಿ, ಕಾಯಿ ಒಡೆದು ಚಾಲೂ ಮಾಡಿದರು. ಕಂಪನಿಯ ಪರವಾಗಿ ತೇಜಸ್ವಿನಿ ಎಂಬ ಹೆಣ್ಣುಮಗಳು ಪರೀಕ್ಷೆಗೆ ಬಂದಿದ್ದಳು. ಬಾಟಲಿಗಳಲ್ಲಿ ನೀರು ತುಂಬಿಕೊಂಡಳು, ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿದಳು, ನನ್ನ ಸದ್ದಿಗೆ ಕಿವಿಗೊಟ್ಟಳು. "ತುಂಬಾ ಸಂತೋಷ ಆಯ್ತು ಜಡೆಪ್ಪನವರೆ" ಎಂದಳು. ಸ್ವಲ್ಪ ದಿನಕ್ಕೆ ಆಫೀಸಿನ ಗೋಡೆಯ ಮೇಲೆ ಚೌಕಟ್ಟಿನ ಪ್ರಮಾಣಪತ್ರ ಬಂತು. ಪ್ಯಾಂಟುಗಳಿಗೆ ಹಸಿರು ಎಲೆಯ ಚೀಟಿ ಕಟ್ಟತೊಡಗಿದರು.

ಪ್ಯಾಕಿಂಗ್‌ನಲ್ಲಿ ಕೂತ ಹೆಂಗಸೊಬ್ಬಳು ಕೇಳಿದಳು: "ಈ ಎಲೆ ಯಾತರದು?"

ಮೇಸ್ತ್ರಿ ಎರ್ರಿಸ್ವಾಮಿ ನನ್ನ ಕಡೆ ಗದ್ದ ಎತ್ತಿ ತೋರಿಸಿದ. "ಅಲ್ಲಿ ಕುಂತೈತಲ್ಲ, ಆ ಪಂಪಿಂದು."

ಆಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಇಂದು ಅದನ್ನು ನೆನೆಯಲೂ ಆಗುವುದಿಲ್ಲ.

ಜಡೆಪ್ಪ ಮೊದಮೊದಲು ನನ್ನನ್ನು ದಿನಾ ಓಡಿಸಿದ. ಅದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಆದರೆ ಕರೆಂಟು ತಿನ್ನುತ್ತಿದ್ದೆ. ಸುಣ್ಣ, ಪಟಿಕ ಮುಗಿಯುತ್ತಿದ್ದವು. ತಳದ ಗಸಿಯನ್ನು ಎಲ್ಲಿ ಹಾಕಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಪ್ಯಾಂಟು ಒಗೆಯುವ ಕೂಲಿ ಮಾತ್ರ ಹಳೆಯದೇ. ಕೇಳಿದರೆ ದಿವಾಕರ, "ನೀವಲ್ಲದಿದ್ರೆ ಇನ್ನೊಬ್ರು ಮಾಡ್ಕೊಡ್ತಾರೆ ಸರ್" ಎನ್ನುತ್ತಿದ್ದ. ಒಂದು ದಿನ ಆರ್ಡರಿನ ಅವಸರದಲ್ಲಿ ಜಡೆಪ್ಪ ಹಿತ್ತಲಿಗೆ ಬಂದು ಎರ್ರಿಸ್ವಾಮಿಗೆ ಹೇಳಿದ: "ಇವತ್ತೊಂದಿನ ಬಂದ್ ಮಾಡು."

ಆ ಒಂದು ದಿನ ಮುಗಿಯಲೇ ಇಲ್ಲ.

ಹಿಂದಿನ ಗೋಡೆಗೆ ತೂತು ಹೊಡೆದು ಒಂದು ಕೊಳವೆ ಹಾಕಿದರು. ನೀಲಿನೀರು ಗುಂಡಿಯಿಂದ ನೇರವಾಗಿ ಗೋಡೆಯಾಚೆಯ ಹಳ್ಳಕ್ಕೆ ಹರಿಯಿತು. ನಾನು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ. ನನ್ನ ಮೂಗಿನ ಮುಂದೆಯೇ ಅದು ಹೋಗುತ್ತಿತ್ತು. ಕಂಪನಿಯವರು ಬರುವ ದಿನ ಮೊದಲೇ ಗೊತ್ತಾಗುತ್ತಿತ್ತು. ಆಗ ಎರ್ರಿಸ್ವಾಮಿ ಕೊಳವೆಗೆ ಬಿರಡೆ ಜಡಿದು, ನನಗೆ ಎಣ್ಣೆ ಬಿಟ್ಟು, ಬಣ್ಣ ಬಳಿದು ಓಡಿಸುತ್ತಿದ್ದ. ಅವರ ಕಾರು ತಿರುವಿನಲ್ಲಿ ಮರೆಯಾದರೆ ನನ್ನ ಸದ್ದೂ ನಿಲ್ಲುತ್ತಿತ್ತು. ಕೊನೆಯ ತೊಟ್ಟಿಗೆ ಬೋರಿನ ನೀರು ತುಂಬಿ ಮೀನು ಬಿಟ್ಟಿದ್ದರು. ಅದು ದಿವಾಕರನ ಸಲಹೆ. "ಮೀನಿದ್ರೆ ಅವ್ರು ಫೋಟೋ ತಕ್ಕೊಳ್ತಾರೆ, ಬೇರೇನೂ ಕೇಳಲ್ಲ" ಎಂದಿದ್ದ. ಅವನು ಹೇಳಿದಂತೆಯೇ ಆಯಿತು. ಬಂದ ಹೊರದೇಶದವರೆಲ್ಲ ನನ್ನ ಪಕ್ಕ ನಿಂತು ಚಿತ್ರ ತೆಗೆಸಿಕೊಂಡು ಹೋದರು. ಆ ಚಿತ್ರಗಳು ಈಗಲೂ ಎಲ್ಲೋ ಇರಬಹುದು. ಇಲ್ಲದಿದ್ದರೆ ಒಳ್ಳೆಯದು.

ಆ ಹಳ್ಳದ ಕೆಳಗೆ ಕೊಂಡಿಗೇರಿ ಎಂಬ ಹಳ್ಳಿ. ಜಡೆಪ್ಪನ ಅಕ್ಕ ಸುಂಕಮ್ಮನನ್ನು ಕೊಟ್ಟದ್ದು ಅಲ್ಲಿಗೇ. ತಾಯಿ ಸತ್ತಾಗ ಜಡೆಪ್ಪ ಚಿಕ್ಕವನು. ಅಕ್ಕ ಅವನನ್ನು ಗಂಡನ ಮನೆಗೆ ಕರೆದುಕೊಂಡು ಹೋಗಿ ಸಾಕಿದವಳು. ಹಳ್ಳದ ದಂಡೆಯಲ್ಲಿ ಅವಳು ಸೊಪ್ಪು ಬೆಳೆಯುತ್ತಿದ್ದಳು. ಮೆಂತ್ಯ, ರಾಜಗಿರಿ, ಪುಂಡಿಪಲ್ಲೆ. ಬೆಳಿಗ್ಗೆ ಹಳ್ಳದಲ್ಲಿ ತೊಳೆದು ಬುಟ್ಟಿ ಹೊತ್ತು ಬಳ್ಳಾರಿಯ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಬರುವ ದಾರಿಯಲ್ಲಿ ಕೆಲವೊಮ್ಮೆ ಯೂನಿಟ್‌ಗೆ ಬಂದು, "ಏನ್ ತಮ್ಮಾ, ಉಂಡೇನು?" ಎಂದು ಕೇಳಿ ಒಂದು ಸಿವುಡು ಸೊಪ್ಪು ಇಟ್ಟು ಹೋಗುತ್ತಿದ್ದಳು. ಕೆಳಗಿನಿಂದ ನೋಡುವ ನನಗೆ ಜನ ಮೊದಲು ಕಾಣುವುದು ಕಾಲುಗಳಿಂದ. ಅವಳ ಹಿಮ್ಮಡಿ ಬಿರಿದಿದ್ದರೂ ನಡಿಗೆ ಬೀಸಾಗಿತ್ತು.

ಹಳ್ಳ ನೀಲಿಯಾಗುತ್ತಿದೆ ಎಂದು ಊರಿನಲ್ಲಿ ಮಾತು ಎದ್ದಿತು. ಕೆಲವರು ಜಡೆಪ್ಪನ ಹೆಸರು ಹೇಳಿದರು. ಸುಂಕಮ್ಮನಿಗೆ ಸಹಿಸಲಾಗಲಿಲ್ಲ. ಊರಿನ ಗಂಡಸರು ಹೆಂಗಸರನ್ನು ಕಟ್ಟಿಕೊಂಡು ನೇರ ಯೂನಿಟ್‌ಗೆ ಬಂದಳು. ಎರ್ರಿಸ್ವಾಮಿ ದೂರದಿಂದಲೇ ನೋಡಿ ಓಡಿಬಂದು ಬಿರಡೆ ಜಡಿದು ನನ್ನನ್ನು ಚಾಲೂ ಮಾಡಿದ.

"ನೋಡ್ರಿ" ಎಂದಳು ಸುಂಕಮ್ಮ. "ನಮ್ಮ ತಮ್ಮ ಇಷ್ಟು ದೊಡ್ಡ ಮಿಷನ್ ಕೂಡ್ಸ್ಯಾನ. ಸುಮ್ ಸುಮ್ನ ಮಂದಿ ಮ್ಯಾಲೆ ಹೇಳಬಾರ್ದು."

ಊರ ಹಿರಿಯನೊಬ್ಬ ಕೊನೆಯ ತೊಟ್ಟಿಯೊಳಗೆ ಬಗ್ಗಿದ. "ನೀರೇನೋ ತಿಳಿ ಅದಾವ. ಆದ್ರ ಹಳ್ಳದಾಗ ಬರೋದು ಯಾರ್ದು ಮತ್ತ?"

"ಯಾರ್ದರ ಇರ್ಲಿ, ಇವಂದಲ್ಲ." ಅವಳು ತೊಟ್ಟಿಗೆ ಬಗ್ಗಿ, ಮೀನು ಸರಿದಾಡುವ ನೀರನ್ನು ಬೊಗಸೆಯಲ್ಲಿ ತುಂಬಿ ಎಲ್ಲರ ಮುಂದೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಕುಡದೀನಿ. ಇನ್ನೇನು ಬೇಕು ನಿಮಗ?" ಎಂದಳು.

ಜಡೆಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಂಡದ್ದನ್ನು ನಾನು ಕಂಡೆ. ಅವನು ಬಾಯಿ ಬಿಡುತ್ತಾನೆ ಎಂದು ಕಾದೆ. ಬಿಡಲಿಲ್ಲ. ಅವಳು ಕುಡಿದದ್ದು ಬೋರಿನ ನೀರು, ನಾನು ಎತ್ತಿದ ನೀರಲ್ಲ ಎಂದು ಕೂಗಲು ನನಗೆ ಬಾಯಿರಲಿಲ್ಲ. ಇದ್ದದ್ದು ಸದ್ದು ಮಾತ್ರ. ಆ ಸದ್ದೇ ಸುಳ್ಳಿಗೆ ಸಾಕ್ಷಿ ಹೇಳುತ್ತಿತ್ತು.

ಊರಿನವರ ಸಿಟ್ಟು ಇನ್ನೊಂದು ಕಡೆ ತಿರುಗಿತು. ಹಳ್ಳದ ಮೇಲ್ಭಾಗದಲ್ಲಿ ಹೊನ್ನೂರಸಾಬ್ ಎಂಬವನದೊಂದು ಚಿಕ್ಕ ಯೂನಿಟ್ ಇತ್ತು. ಎರಡೇ ಡ್ರಮ್ಮು. ಘಟಕ ಕೂಡಿಸುವ ಶಕ್ತಿ ಇಲ್ಲದೆ, ನೆಲದಲ್ಲಿ ಸಾಲಾಗಿ ಗುಂಡಿ ತೆಗೆದು ಸುಣ್ಣ ಹಾಕಿ ನೀರು ನಿಲ್ಲಿಸುತ್ತಿದ್ದ. ಅವನದೂ ತಿಳಿನೀರೇನಲ್ಲ. ಆದರೆ ಹಳ್ಳವನ್ನು ನೀಲಿ ಮಾಡುವಷ್ಟು ಅವನಲ್ಲಿ ಇರಲಿಲ್ಲ. ಅರ್ಜಿ ಹೋಯಿತು, ಅಧಿಕಾರಿಗಳು ಬಂದರು, ಅವನ ಯೂನಿಟ್‌ಗೆ ಬೀಗ ಬಿತ್ತು. ಅಲ್ಲಿ ದುಡಿಯುತ್ತಿದ್ದವರು ನಮ್ಮ ಗೇಟಿಗೆ ಕೆಲಸ ಕೇಳಿ ಬಂದರು.

ಕೆಲವು ದಿನ ಬಿಟ್ಟು ಹೊನ್ನೂರಸಾಬ್ ತಾನೇ ಬಂದ. ಜಡೆಪ್ಪ ಅವನಿಗೆ ಕುರ್ಚಿ ಹಾಕಿಸಿ ಚಹಾ ತರಿಸಿದ. ಸಾಬ್ ಕುಳಿತುಕೊಳ್ಳಲಿಲ್ಲ.

"ಜಡೆಪ್ಪಣ್ಣ, ನಾನೂ ನಿನ್ನಂಥದೇ ಒಂದು ಕೂಡ್ಸಬೇಕಂತೀನಿ. ಆಗ ಬೀಗ ತಗೀತಾರಂತ. ಹೆಂಗ ನಡೀತೈತಿ ಅಂತ ನೋಡಾಕ ಬಂದೆ."

ಹಿತ್ತಲಿಗೆ ಬಂದು ನನ್ನ ಮೋಟರಿನ ಮೇಲೆ ಅಂಗೈ ಇಟ್ಟ. ಒಳಗೆ ಎಲ್ಲ ಡ್ರಮ್ಮೂ ಗುಡುಗುಡು ತಿರುಗುತ್ತಿದ್ದವು. ನಾನು ತಣ್ಣಗಿದ್ದೆ. ಅವನ ಕೈ ನನ್ನ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಗೋಡೆಯ ಕಡೆ ನೋಡಿದ. ಕೊಳವೆಯಲ್ಲಿ ನೀರು ಹರಿಯುವ ಸದ್ದು ಯಾರಿಗಾದರೂ ಕೇಳುವಂತಿತ್ತು.

"ಛಲೋ ಐತಿ" ಎಂದ. ಅಷ್ಟೇ ಅಂದು ಹೋದ. ಬೈದಿದ್ದರೆ, ಊರಿಗೆಲ್ಲ ಸಾರಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೂ ನಂಬುವವರು ಯಾರು ಎಂದುಕೊಂಡನೋ ಏನೋ. ಗೋಡೆಯ ಮೇಲೆ ಪ್ರಮಾಣಪತ್ರ ಇತ್ತಲ್ಲ.

ಆ ವರ್ಷದ ಆಯುಧಪೂಜೆ. ಡ್ರಮ್ಮುಗಳಿಗೆ, ಇಸ್ತ್ರಿ ಮೇಜುಗಳಿಗೆ, ಜಡೆಪ್ಪನ ಹೊಸ ಗಾಡಿಗೆ ಹೂ ಏರಿಸಿದರು. ನನ್ನ ನೆನಪು ಯಾರಿಗೂ ಇರಲಿಲ್ಲ. ಹಬ್ಬಕ್ಕೆ ಬಂದಿದ್ದ ಸುಂಕಮ್ಮ ಕೇಳಿದಳು: "ಹಿಂದಿನ ಮಿಷನ್‌ಗೆ ಮಾಡ್ಲಿಲ್ಲೇನು? ಅದ ಖರೆ ದೇವ್ರು."

ತಾನೇ ತಟ್ಟೆ ಹಿಡಿದು ಬಂದಳು. ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ವಿಭೂತಿ ಬಳಿದಳು, ಕುಂಕುಮ ಇಟ್ಟಳು, ಚೆಂಡುಹೂವಿನ ಸರ ಹಾಕಿದಳು. ಆಗ ಅವಳ ಕೈ ಹತ್ತಿರದಿಂದ ಕಂಡೆ. ಬೆರಳಿನ ಸಂದಿಯ ಚರ್ಮ ಬಿರಿದು ಕೆಂಪಾಗಿತ್ತು. ಉಗುರಿನ ಸುತ್ತ ನೀಲಿ. ಹಳ್ಳದ ನೀರು ಕೆಟ್ಟಿದೆ ಎಂದು ಉಳಿದ ಹೆಂಗಸರು ದೂರ ಸರಿದಿದ್ದರಂತೆ. ಇವಳು ಮಾತ್ರ ಹಟ ಹಿಡಿದು ಅಲ್ಲೇ ಸೊಪ್ಪು ತೊಳೆಯುತ್ತಿದ್ದಳು. ತೊಳೆಯುವುದನ್ನು ಬಿಟ್ಟರೆ ತಮ್ಮನನ್ನು ಬಿಟ್ಟುಕೊಟ್ಟಂತೆ ಎಂದು ಅವಳ ಲೆಕ್ಕ.

ಹಿಂದೆ ನಿಂತಿದ್ದ ಜಡೆಪ್ಪ ಕೇಳಿದ: "ಯಕ್ಕಾ, ಕೈಗೇನಾಗೈತಿ?"

"ಏನಿಲ್ಲೋ. ಆ ಸಾಬನ ಯೂನಿಟ್ ಬಂದಾಗಿ ನಾಕ್ ದಿನ ಆಗೇತಿ. ಹಳ್ಳ ತಿಳಿ ಆಗಾಕ ಟೈಮ್ ಬೇಕಲ್ಲ." ಅವಳು ಆ ಕೈಗಳನ್ನೇ ನನ್ನ ಮುಂದೆ ಜೋಡಿಸಿದಳು. "ನಮ್ಮೂರು ಕಾಯಪ್ಪಾ" ಎಂದಳು.

ನನಗೆ ಕೈ ಮುಗಿದದ್ದು ಅದೊಂದೇ ಸಲ. ಆ ಹೂವಿನ ಸರ ಒಣಗಿ ಉದುರುವವರೆಗೂ ನನ್ನ ಮೇಲೆ ಇತ್ತು. ಕಳಚಿ ಎಸೆಯಲು ನನಗೆ ಕೈ ಇರಲಿಲ್ಲ.

ಜಡೆಪ್ಪ ಅಂದು ಊಟಕ್ಕೆ ಕೂರಲಿಲ್ಲ ಎಂದು ಎರ್ರಿಸ್ವಾಮಿ ಹೇಳುತ್ತಿದ್ದ. ಆದರೂ ನನ್ನನ್ನು ಓಡಿಸಲಿಲ್ಲ. ದೊಡ್ಡ ಆರ್ಡರೊಂದು ತಲೆಯ ಮೇಲಿತ್ತು. ಅದು ಮುಗಿಯಲಿ ಎಂದುಕೊಂಡನೇನೋ.

ಅಷ್ಟರಲ್ಲಿ ಸುಂಕಮ್ಮ ಒಂದು ಮಧ್ಯಾಹ್ನ ಹೇಳದೆ ಬಂದಳು. ಮಾರ್ಕೆಟ್ಟಿನಲ್ಲಿ ಅವಳ ಸೊಪ್ಪನ್ನು ಯಾರೂ ಮುಟ್ಟಿರಲಿಲ್ಲ. "ಕೊಂಡಿಗೇರಿದಾ? ಬ್ಯಾಡವ್ವ" ಎಂದು ಮುಂದೆ ಹೋಗಿದ್ದರು. ತುಂಬಿದ ಬುಟ್ಟಿ ಹೊತ್ತುಕೊಂಡೇ ಬಂದಿದ್ದಳು. ಬಾಡುವ ಮೊದಲು ಯೂನಿಟ್‌ನ ಹೆಂಗಸರಿಗೆ ಹಂಚಿದರಾಯಿತು ಎಂದು. ಗೇಟಿನಲ್ಲಿ ಯಾರೂ ಇರಲಿಲ್ಲ, ಎಲ್ಲ ಊಟಕ್ಕೆ ಕುಳಿತಿದ್ದರು. ಕೈ ತೊಳೆಯಲು ನಲ್ಲಿ ಹುಡುಕುತ್ತ ಹಿತ್ತಲಿಗೆ ಬಂದಳು.

ನಾನು ಸುಮ್ಮನಿದ್ದೆ. ನನ್ನ ಹೊಸ ಬಣ್ಣದ ಕೆಳಗೆ ತುಕ್ಕು ಎದ್ದಿತ್ತು. ಗೋಡೆಯ ಬುಡದ ಕೊಳವೆಯಲ್ಲಿ ಕಡುನೀಲಿ ನೀರು ಹರಿದು ಹೋಗುತ್ತಿತ್ತು.

ಅವಳು ನನ್ನನ್ನು ನೋಡಿದಳು, ಕೊಳವೆಯನ್ನು ನೋಡಿದಳು. ಬುಟ್ಟಿ ಇಳಿಸಿ ಗುಂಡಿಯ ದಂಡೆಯ ಮೇಲೆ ಕುಳಿತುಬಿಟ್ಟಳು. ಯಾರೋ ಹೇಳಿ ಜಡೆಪ್ಪ ಎಂಜಲು ಕೈಯಲ್ಲೇ ಓಡಿಬಂದ. ಅವಳನ್ನು ಕಂಡು ನಿಂತ.

ಅವಳು ಕೊಳವೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಅವಳು ಹೇಳಿದಳು: "ಊರ ಮುಂದ ನಿನ್ನ ಹೆಸರಿನ ಮ್ಯಾಲೆ ಆ ನೀರು ಕುಡದೀನಿ, ಜಡೆಪ್ಪ."

ತಮ್ಮ ಎನ್ನಲಿಲ್ಲ. ಜಡೆಪ್ಪ ಎಂದಳು.

"ಯಕ್ಕಾ, ಇಷ್ಟು ಮಂದಿ ಹೊಟ್ಟಿ ನಡೀಬೇಕು. ಅವರು ರೇಟು ಕೊಡೋದಿಲ್ಲ. ದಿನಾ ಓಡ್ಸಿದ್ರ ಉಳಿಯೋದಿಲ್ಲ. ನಾ ಏನು ಮಾಡ್ಲಿ?"

"ನನಗೊಂದು ಮಾತು ಹೇಳಬೇಕಿತ್ತು. ನಾ ಕುಡೀತಿದ್ದಿಲ್ಲ."

ಎದ್ದು ಬುಟ್ಟಿಯ ಸೊಪ್ಪನ್ನೆಲ್ಲ ಆ ನೀಲಿ ಗುಂಡಿಗೆ ಸುರಿದಳು. ಬರಿಬುಟ್ಟಿ ಹಿಡಿದು ಹೊರಟುಹೋದಳು.

ಅವಳು ಊರಿಗೆ ಹೋಗಿ ಏನೂ ಮುಚ್ಚಿಡಲಿಲ್ಲ. ಚಾವಡಿಯ ಮುಂದೆ ನಿಂತು, "ಅಂದು ನಾ ಸುಳ್ಳು ಕುಡದೀನಿ, ನೀವು ನಂಬಿದ್ರಿ, ತಪ್ಪು ನಂದು" ಎಂದಳಂತೆ. ಹೊನ್ನೂರಸಾಬನ ಮನೆಗೂ ಹೋದಳಂತೆ. ಇದನ್ನೆಲ್ಲ ಹೇಳುವಾಗ ಎರ್ರಿಸ್ವಾಮಿ ದನಿ ತಗ್ಗಿಸಿದ್ದ. ಜಡೆಪ್ಪ ಕೊಂಡಿಗೇರಿಗೆ ಹೋದ. ಅಕ್ಕ ಬಾಗಿಲು ಹಾಕಲಿಲ್ಲ, ಬಾ ಎನ್ನಲೂ ಇಲ್ಲ. ಅವನು ಅಂಗಳದಲ್ಲಿ ಕುಳಿತ, ಅವಳು ಒಳಗೆ ರೊಟ್ಟಿ ಬಡಿದಳು. ತಾಟಿನಲ್ಲಿ ರೊಟ್ಟಿ ತಂದು ಅವನ ಮುಂದೆ ಇಟ್ಟಳು. ಮಾತಾಡಲಿಲ್ಲ. ಅವನು ರೊಟ್ಟಿ ಮುಟ್ಟದೆ ಎದ್ದು ಬಂದ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಬಂದು ಎರ್ರಿಸ್ವಾಮಿಗೆ ಹೇಳಿದ: "ಚಾಲೂ ಮಾಡು."

"ಯಾರರ ಬರೋರದಾರೇನು ಧಣಿ?"

"ಯಾರೂ ಇಲ್ಲ. ಚಾಲೂ ಮಾಡು."

ಎರ್ರಿಸ್ವಾಮಿ ಗುಂಡಿ ಒತ್ತಿದ. ನಾನು ತಿರುಗಲಿಲ್ಲ. ಮೋಟರು ಹೂಂಕರಿಸಿತು, ಬಿಸಿಯಾಯಿತು, ಸುಟ್ಟ ವಾಸನೆ ಬಂತು. ಒಳಗಿನ ಚಕ್ರ ತುಕ್ಕು ಹಿಡಿದು ನನ್ನ ಒಳಗೋಡೆಗೆ ಕಚ್ಚಿಕೊಂಡಿತ್ತು. ಯಾರಿಗೂ ತೋರಿಸಲಿಕ್ಕಲ್ಲದೆ, ನಿಜವಾದ ಕೆಲಸಕ್ಕೆ ನನ್ನನ್ನು ಕರೆದ ದಿನ ನಾನು ಕೈಲಾಗದವನಂತೆ ಬಿದ್ದಿದ್ದೆ. ನನ್ನ ಬಾಳಿನ ಅತ್ಯಂತ ಕೀಳು ಗಳಿಗೆ ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ. ಮೆಕ್ಯಾನಿಕ್ ಬಂದು ನನ್ನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬಡಿದು, ಉಜ್ಜಿ ಮತ್ತೆ ಕೂಡಿಸಿದ. ಆಗ ತಿರುಗಿದೆ. ನೀಲಿನೀರು ಎತ್ತಿದೆ. ಗೋಡೆಯ ತೂತಿಗೆ ಸಿಮೆಂಟು ಹಾಕಿದರು.

ಜಡೆಪ್ಪ ಅಲ್ಲಿಗೇ ನಿಲ್ಲಿಸಿದ್ದರೆ ಮತ್ತೊಂದು ಅವಸರದ ದಿನ ನಾನು ಮತ್ತೆ ನಿಲ್ಲುತ್ತಿದ್ದೆನೋ ಏನೋ. ಅವನಿಗೆ ತನ್ನ ಮೇಲೆಯೇ ನಂಬಿಕೆ ಇರಲಿಲ್ಲ. ಮೊದಲು ದಿವಾಕರನನ್ನು ಕರೆಸಿ ನನ್ನ ಪಕ್ಕದಲ್ಲೇ ನಿಂತು ಮಾತಾಡಿದ.

"ಕೂಲಿ ಸ್ವಲ್ಪ ಏರ್ಸ್ರಿ. ಇದನ್ನ ದಿನಾ ಓಡಿಸ್ಬೇಕು."

"ದಿನಾ ಯಾಕೆ ಸರ್? ಅವ್ರು ಬರೋದು ವರ್ಷಕ್ಕೊಂದ್ ಸಲ. ಪೇಪರ್ ಸರಿಯಾಗಿದೆಯಲ್ಲ."

"ಪೇಪರ್ ಸರಿ ಐತಿ. ನಮ್ಮಕ್ಕನ ಕೈ ಸರಿ ಇಲ್ಲ."

ದಿವಾಕರನಿಗೆ ಅದು ಅರ್ಥವಾಗಲಿಲ್ಲ. ಜಡೆಪ್ಪ ವಿವರಿಸಲೂ ಇಲ್ಲ.

ಆಮೇಲೆ ತೇಜಸ್ವಿನಿಗೆ ಫೋನು ಮಾಡಿದ. ಅವಳು ಬಂದಳು. ಮುಚ್ಚಿದ ತೂತು, ಮೀನಿನ ತೊಟ್ಟಿ, ಎಲ್ಲವನ್ನೂ ಅವನೇ ತೋರಿಸಿದ. "ಸಹಿ ಹಾಕಿದ್ದು ನಾನು" ಎಂದಳು. "ಬರೋ ತಾರೀಖು ಹೇಳಿ ಬರ್ತಿದ್ದೆ. ಹಾಗೆ ಬಂದ್ರೆ ಏನು ಕಾಣುತ್ತೆ ಅಂತ ನನಗೂ ಗೊತ್ತಿತ್ತು ಅನ್ಸುತ್ತೆ." ಜಡೆಪ್ಪ ಸರ್ಕಾರಿ ಕಚೇರಿಗೂ ಹೋಗಿ, ಹಳ್ಳಕ್ಕೆ ಬಿಟ್ಟದ್ದು ತಾನು, ಹೊನ್ನೂರಸಾಬ್ ಅಲ್ಲ ಎಂದು ಬರೆದುಕೊಟ್ಟ.

ಅದರ ಫಲ ಸಿಹಿಯಾಗಿರಲಿಲ್ಲ. ನಮ್ಮ ಯೂನಿಟ್‌ಗೂ ಬೀಗ ಬಿತ್ತು. ಕಂಪನಿ ಆರ್ಡರ್ ಹಿಂತೆಗೆದುಕೊಂಡಿತು. ಎಲೆಯ ಚೀಟಿ ಕಟ್ಟುತ್ತಿದ್ದ ಹೆಂಗಸರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಹೋಗುವಾಗ ಕೆಲವರು ಜಡೆಪ್ಪನಿಗೆ ಶಾಪ ಹಾಕಿದರು. ನೀರು ಬಿಟ್ಟದ್ದಕ್ಕಲ್ಲ, ಬಾಯಿ ಬಿಟ್ಟದ್ದಕ್ಕೆ. ಅವನು ಹೊಸ ಗಾಡಿ ಮಾರಿದ. ಉಳಿದ ಯೂನಿಟ್‌ನವರು ಅವನನ್ನು ಕಂಡರೆ ದಾರಿ ಬದಲಿಸಿದರು. ತಮ್ಮ ಹಿತ್ತಲಿನ ಕೊಳವೆಗಳೂ ಬಯಲಾಗುತ್ತವೆ ಎಂದು ಅವರಿಗೆ ದಿಗಿಲು.

ಅವನ ಬಳಿ ಬಂದವನು ಹೊನ್ನೂರಸಾಬ್ ಒಬ್ಬನೇ. ಮುಚ್ಚಿದ ಯೂನಿಟ್‌ನ ಹಿತ್ತಲಲ್ಲಿ ಇಬ್ಬರೂ ನನ್ನ ಕಟ್ಟೆಯ ಮೇಲೆ ಕುಳಿತರು.

"ಒಬ್ಬೊಬ್ರೇ ಕೂಡ್ಸಿದ್ರ ಯಾರೂ ಓಡಿಸಂಗಿಲ್ಲ, ಜಡೆಪ್ಪಣ್ಣ" ಎಂದ ಸಾಬ್. "ಎಲ್ಲರ ನೀರೂ ಒಂದ ಕಡೆ ಬರ್ಬೇಕು. ಆಗ ಒಬ್ಬನ ಮ್ಯಾಲೆ ಒಬ್ಬನ ಕಣ್ಣಿರತೈತಿ."

"ನನ್ನ ಜೋಡಿ ನೀ ಹೆಂಗ ಕೂಡ್ತಿ, ಸಾಬ್?"

"ನೀ ಮಾಡಿದ್ದು ನನಗ ನೆನಪೈತಿ. ಹೋಗಿ ಹೇಳಿದ್ದೂ ನೆನಪೈತಿ. ಎರಡೂ ಇಟ್ಕಂಡೇ ಕೂಡ್ತೀನಿ."

ಅದು ಬೇಗ ಆಗಲಿಲ್ಲ. ಬೀಗದ ಭಯದಿಂದ ಕೆಲವು ಯೂನಿಟ್‌ನವರು ಸೇರಿದರು. ಸರ್ಕಾರ ಜಾಗ ಕೊಟ್ಟಿತು, ಖರ್ಚಿನಲ್ಲಿ ಒಂದು ಪಾಲು ಕೊಟ್ಟಿತು. ತೇಜಸ್ವಿನಿ ತನ್ನ ಕಂಪನಿಯಲ್ಲಿ ಜಗಳವಾಡಿ, ತಾರೀಖು ಹೇಳದೆ ಬರುವ ಪದ್ಧತಿ ತಂದಳು. ನೀರಿನ ಖರ್ಚನ್ನು ಪ್ಯಾಂಟಿನ ಕೂಲಿಗೆ ಸೇರಿಸುವಂತೆ ಮಾಡಿದಳು. ಕೊನೆಗೂ ಎಲ್ಲರದ್ದೂ ಸೇರಿದ ಒಂದು ಘಟಕ ಎದ್ದಿತು. ಅದಾದ ಮೇಲೆ ಇಬ್ಬರ ಯೂನಿಟ್‌ಗಳ ಬೀಗವನ್ನೂ ತೆಗೆದರು. ಗಸಿಯನ್ನು ಒಣಗಿಸಿ ಸಾಗಿಸುವ ವ್ಯವಸ್ಥೆಯಾಯಿತು. ದೊಡ್ಡ ಪಂಪುಗಳು ಬಂದವು. ಅವುಗಳ ಸಾಲಿನ ಕೊನೆಯಲ್ಲಿ ನನಗೂ ಒಂದು ಕಟ್ಟೆ ಸಿಕ್ಕಿತು. ಅಲ್ಲಿ ನಾನು ಸವೆಯುವಷ್ಟು ದುಡಿದೆ. ಪಂಪಿಗೆ ಸವೆತವೇ ಮರ್ಯಾದೆ.

ಒಮ್ಮೆ ಕಂಪನಿಯವರು ಕ್ಯಾಮೆರಾ ತಂದರು. ಜಡೆಪ್ಪನಿಗೆ ಕೂದಲು ಬೆಳ್ಳಗಾಗಿತ್ತು. ಅವನನ್ನು ನಮ್ಮ ಸಾಲಿನ ಮುಂದೆ ನಿಲ್ಲಿಸಿ ಒಬ್ಬ ಯುವಕ ಕೇಳಿದ: "ಪರಿಸರದ ದಾರಿಗೆ ಬರೋಕೆ ನಿಮಗೆ ಪ್ರೇರಣೆ ಏನು ಸರ್? ಕಾನೂನಾ, ಮಾರುಕಟ್ಟೆಯಾ, ಮುಂದಿನ ಪೀಳಿಗೆಯಾ?"

ಜಡೆಪ್ಪ ಯೋಚಿಸಿ ಹೇಳಿದ: "ನಮ್ಮಕ್ಕ ಮಾತಾಡ್ಸೋದು ಬಿಟ್ಟಿದ್ಲು."

ಯುವಕ ಕ್ಯಾಮೆರಾ ನಿಲ್ಲಿಸಿದ. "ಇನ್ನೊಂದ್ಸಲ ತಗೊಳ್ಳೋಣ ಸರ್. ಪರಿಸರದ ಬಗ್ಗೆ ಒಂದೆರಡು ಮಾತು ಹೇಳಿ."

"ಪರಿಸರದ ಬಗ್ಗೇನ ಹೇಳಿದ್ನಲ್ಲ" ಎಂದ ಜಡೆಪ್ಪ. "ಈಗೂ ಮಾತಾಡ್ಸಂಗಿಲ್ಲ."

ಆ ಮಾತನ್ನು ಅವರು ಹಾಕಿದರೋ ಬಿಟ್ಟರೋ ತಿಳಿಯದು.

ಅದಾದ ಮೇಲೆ ಸುಂಕಮ್ಮ ಒಂದು ಸಲ ಅಲ್ಲಿಗೆ ಬಂದಳು. ಮೊಮ್ಮಗಳ ಕೈ ಹಿಡಿದುಕೊಂಡು, ಕಾಲೆಳೆಯುತ್ತ. ಹಳ್ಳದ ನೀರು ಮೊದಲಿನಂತೆ ಆಗಿರಲಿಲ್ಲ, ಆದರೆ ನೀಲಿ ಹೋಗಿತ್ತು. ದಂಡೆಯ ಮಣ್ಣು ಇನ್ನೂ ಸೊಪ್ಪಿಗೆ ಒಗ್ಗಿರಲಿಲ್ಲ. ಒಗ್ಗುವುದನ್ನು ಅವಳು ನೋಡಲಾರಳು ಎಂದು ಯಾರಿಗಾದರೂ ತಿಳಿಯುತ್ತಿತ್ತು. ನಮ್ಮ ಸಾಲಿನ ಬಳಿ ಕುಳಿತಿದ್ದ ಜಡೆಪ್ಪ ಎದ್ದು ನಿಂತ. ಅವಳು ಕೊನೆಯ ತೊಟ್ಟಿಯ ನೀರನ್ನು ನೋಡುತ್ತ ಹೇಳಿದಳು: "ಕೈ ತೊಳ್ಕಂತೀನಿ. ನೀರು ಹಾಕು."

ಅವನು ಚೊಂಬಿನಲ್ಲಿ ಮೊಗೆದು ಅವಳ ಕೈಗೆ ಸುರಿದ. ಅವಳು ಎರಡೂ ಕೈ ಉಜ್ಜಿಕೊಂಡಳು, ಬೆರಳಿನ ಸಂದಿಗಳನ್ನೂ. ಅವನು ಮತ್ತೆ ಮೊಗೆದ, ಮತ್ತೆ ಸುರಿದ. ಅವಳು ಸಾಕೆನ್ನುವವರೆಗೂ ಸುರಿದ. ಕುಡಿಯಲು ಅವಳು ಕೇಳಲಿಲ್ಲ. ಕೊಡುವ ಧೈರ್ಯ ಅವನಿಗೂ ಇರಲಿಲ್ಲ.

ಈಗ ನಾನು ಗುಜರಿ ಅಂಗಡಿಯ ಹಿಂದಿನ ಮೂಲೆಯಲ್ಲಿದ್ದೇನೆ. ಬಣ್ಣ, ಬ್ಲೀಚುಗಳು ನನ್ನ ಒಳಗೋಡೆಯನ್ನು ಜರಡಿಯಂತೆ ತಿಂದುಹಾಕಿವೆ. ಮೋಟರನ್ನು ತಾಮ್ರಕ್ಕಾಗಿ ಬೇರೆ ಮಾಡಿದ್ದಾರೆ. ಕುಳಿತು ಯೋಚಿಸುವುದೊಂದೇ ಉಳಿದಿದೆ. ಆ ಯುವಕನ ಪ್ರಶ್ನೆಯನ್ನು ನನಗೆ ಕೇಳಿದ್ದರೆ ಏನು ಹೇಳುತ್ತಿದ್ದೆ? ನನ್ನನ್ನು ಕೊಳ್ಳುವಂತೆ ಮಾಡಿದ್ದು ದೂರದ ಕಂಪನಿಯ ನಿಯಮ. ಮುಂದೆ ನಿಲ್ಲದಂತೆ ನೋಡಿಕೊಂಡದ್ದು ಕಾನೂನು, ಏರಿದ ಕೂಲಿ, ನೆರೆಯವನ ಕಣ್ಣು. ಅವೆಲ್ಲ ಬೇಕು, ಇಲ್ಲವೆನ್ನಲಾರೆ. ಆದರೆ ಯಾರೂ ನೋಡದ ಒಂದು ಬೆಳಿಗ್ಗೆ ಒಬ್ಬ ಮನುಷ್ಯ ಬಂದು ಚಾಲೂ ಮಾಡು ಎಂದದ್ದು ನಾಚಿಕೆಯಿಂದ. ಆ ನಾಚಿಕೆ ಸ್ವಲ್ಪ ಮೊದಲೇ ಬಂದಿದ್ದರೆ ಒಬ್ಬ ಹೆಣ್ಣುಮಗಳ ಕೈ, ಒಂದು ದಂಡೆಯ ಮಣ್ಣು ಉಳಿಯುತ್ತಿತ್ತು.

ಮೊನ್ನೆ ಲಾರಿಯಿಂದ ಇನ್ನೊಂದು ಪಂಪು ಇಳಿಸಿದರು. ನನ್ನದೇ ಜಾತಿ. ಯಾವುದೋ ಊರಿನ ಯಾವುದೋ ಬಣ್ಣದ ಕಾರ್ಖಾನೆಯದು. ಮೈಮೇಲಿನ ಹಸಿರು ಬಣ್ಣ ಮಿರಮಿರ ಮಿಂಚುತ್ತಿತ್ತು. ಗುಜರಿಯವನು ಒಳಗೆ ಕೈ ಹಾಕಿ ಚಕ್ರ ಸವರಿ ನೋಡಿ ಬೆರಗಾದ. "ಹೊಸದ ಐತಲ್ಲೋ. ಒಂದಿನಾನೂ ಓಡಿಲ್ಲ ಇದು" ಎಂದ. ತೂಕಕ್ಕೆ ಹಾಕದೆ, ಒರೆಸಿ, ಅಂಗಡಿಯ ಮುಂದೆ ಹೋಗುವವರಿಗೆ ಕಾಣುವಂತೆ ಇಟ್ಟ. ದಾರಿಹೋಕರು ನಿಂತು ಅದನ್ನು ಮೆಚ್ಚುತ್ತಾರೆ. ಮೆಚ್ಚಿದಾಗಲೆಲ್ಲ ನಾನು ಇಲ್ಲಿ ಹಿಂದಿನ ಮೂಲೆಯಲ್ಲಿ ಅದರ ಪರವಾಗಿ ತಲೆ ತಗ್ಗಿಸುತ್ತೇನೆ.